ಕೆಳಸ್ಟೇಷನ್ನಿನ ರಮಾನಾಥ

ರಮಾನಾಥ ಕೋಟ್ಯಾನನನ್ನು ಒಂದೇ ಕುರ್ಚಿಯ ಮೇಲೆ ಐದು ನಿಮಿಷ ಕೂರಿಸಿದವರಿಗೆ ಬಹುಮಾನ ಕೊಡುತ್ತೇನೆಂದು ಯಾರಾದರೂ ಸಾರಿದ್ದರೆ ಆ ಬಹುಮಾನ ಇವತ್ತಿಗೂ ಹಾಗೇ ಉಳಿದಿರುತ್ತಿತ್ತು. ಊಟಕ್ಕೆ ಕೂತರೆ ಮೇಜಿನಡಿ ಒಂದು ಕಾಲು ಕುಣಿಯುತ್ತಿರುತ್ತದೆ. ಮನೆ ಡಾಕ್ಟರ್ ಜಿಪಿಯ ವೇಟಿಂಗ್ ರೂಮಿಗೆ ಹೋದರೆ ಗೋಡೆಗೆ ಅಂಟಿಸಿದ ಸಕ್ಕರೆ ಕಾಯಿಲೆ, ಬೊಜ್ಜು, ಬಾಣಂತಿ ಆರೈಕೆಯ ಪೋಸ್ಟರುಗಳನ್ನೆಲ್ಲ ನಿಂತೇ ಓದಿ ಮುಗಿಸಿ, ಇನ್ನೆಷ್ಟು ಜನ ಇದ್ದಾರೆಂದು ರಿಸೆಪ್ಷನ್ನಿನ ಹುಡುಗಿಯನ್ನು ಮೂರು ಸಲ ಕೇಳುತ್ತಾನೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಇಂಥ ಪ್ರಾಣಿಗೆ ದೇವರು ಕೊಟ್ಟ ಕೆಲಸ ನೋಡಿ: ಎಲ್ಲಿಗೂ ಹೋಗದ ರೈಲಿನಲ್ಲಿ, ಅದೂ ತಾನು ಹತ್ತದೆ, ಕೆಳಗೆ ನಿಂತು ಬೇರೆಯವರನ್ನು ಕಳಿಸಿಕೊಡುವ ಕೆಲಸ.

ಇಂಗ್ಲಿಷರ ನಾಡಿನ ವುಲ್ವರ್‌ಹ್ಯಾಂಪ್ಟನ್ನಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಪಶ್ಚಿಮಕ್ಕೆ ಹೋದರೆ ಹೆನ್‌ಬ್ರಿಡ್ಜ್ ಸಿಗುತ್ತದೆ. ಒಂದೇ ಊರು, ಆದರೆ ಎರಡು ತುಂಡು. ಅರ್ಧ ಹೊಳೆಯ ಬದಿಯಲ್ಲಿ, ಉಳಿದರ್ಧ ನೆಟ್ಟಗೆ ನಿಂತ ಬಂಡೆಯ ತಲೆಯ ಮೇಲೆ. ನಡುವೆ ನೂರಾ ಎಂಬತ್ತು ಮೆಟ್ಟಿಲು. ಮೆಟ್ಟಿಲು ಹತ್ತಲಾರದವರಿಗೆ ನೂರು ವರ್ಷ ದಾಟಿದ ಬೆಟ್ಟದ ರೈಲು. ರೈಲು ಅಂದರೆ ಏನು ಮಹಾ, ಎರಡು ಡಬ್ಬಿ. ಒಂದು ಉಕ್ಕಿನ ಹಗ್ಗ, ಅದರ ಎರಡು ತುದಿಗೆ ಒಂದೊಂದು ಡಬ್ಬಿ, ಹಗ್ಗ ಹಾದುಹೋಗಲಿಕ್ಕೆ ಮೇಲೊಂದು ದೊಡ್ಡ ಗಾಲಿ. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ, ಒಂದು ಇಳಿದರೆ ಇನ್ನೊಂದು ಏರಲೇಬೇಕು. ಹಿಂದೆ ಮೇಲಿನ ಡಬ್ಬಿಯ ಹೊಟ್ಟೆಗೆ ನೀರು ತುಂಬಿಸಿ ಆ ಭಾರದಿಂದಲೇ ಕೆಳಗಿನದನ್ನು ಎಳೆಸುತ್ತಿದ್ದರಂತೆ. ಈಗ ಮೋಟರು. ಒಂದು ಸಲ ಏರಲಿಕ್ಕೆ ಒಂದೂವರೆ ನಿಮಿಷ ಸಾಕು.

ಮೇಲಿನ ಗೂಡಿನಲ್ಲಿ ಡ್ರೈವರ್ ಲೆನ್ ಹಾಜ್‌ಕಿಸ್, ಕೆಳಗಿನ ಪ್ಲಾಟ್‌ಫಾರ್ಮಿನಲ್ಲಿ ರಮಾನಾಥ. ಲೆನ್‌ಗೆ ಹಳಿ ಕಾಣುತ್ತದೆ, ಹೊಳೆ ಕಾಣುತ್ತದೆ, ಆಚೆ ದಡದಲ್ಲಿ ಮೇಯುವ ಕುರಿಗಳೂ ಕಾಣುತ್ತವೆ. ಕೆಳಗಿನ ಪ್ಲಾಟ್‌ಫಾರ್ಮ್ ಮಾತ್ರ ತಗಡಿನ ಮಾಡಿನ ಅಡಿಯಲ್ಲಿ ಅಡಗಿ ಕೂತಿದೆ. ಅದಕ್ಕಾಗಿ ಬೆಲ್. ಜನ ಹತ್ತಿ, ಡಬ್ಬಿಯ ಬಾಗಿಲು ಮುಚ್ಚಿ, ಚಿಲಕ ಬಿದ್ದು, ಚಿಲಕದಿಂದ ಕೈ ತೆಗೆದ ಮೇಲೆ ರಮಾನಾಥ ಎರಡು ಬೆಲ್ ಹೊಡೆಯಬೇಕು. ಲೆನ್ ಮೇಲಿನ ಡಬ್ಬಿಯನ್ನು ಮೊದಲೇ ಸಿದ್ಧ ಮಾಡಿಟ್ಟಿರುತ್ತಾನೆ; ಆ ಎರಡು ಬೆಲ್ ಕೇಳಿದೊಡನೆ ಒಂದು ಬೆಲ್ಲಿನ ಉತ್ತರ ಕೊಟ್ಟು ಮೋಟರಿನ ಹಿಡಿ ತಳ್ಳುತ್ತಾನೆ. ಕೈ ತೆಗೆದ ಮೇಲೆ ಬೆಲ್, ಮೊದಲಲ್ಲ. ಕೆಲಸಕ್ಕೆ ಸೇರಿದ ದಿನ ರಮಾನಾಥನಿಗೆ ಇದನ್ನು ಹತ್ತು ಸಲ ಹೇಳಿ ಸಹಿ ಹಾಕಿಸಿಕೊಂಡಿದ್ದರು.

ಆದರೆ ಆ ಸಹಿಗಿಂತ ಇಪ್ಪತ್ತು ವರ್ಷ ಮೊದಲೇ ಅವನ ಕೈ ಬೇರೆ ಪಾಠ ಕಲಿತಾಗಿತ್ತು. ರಮಾನಾಥ ಮಲ್ಪೆಯ ಕಡೆಯವನು. ಹತ್ತೊಂಬತ್ತು ತುಂಬುವಾಗ ಮಂಗಳೂರು-ಕುಂದಾಪುರ ಎಕ್ಸ್‌ಪ್ರೆಸ್ಸಿನಲ್ಲಿ ಕಂಡಕ್ಟರ್. ಕರಾವಳಿಯ ಖಾಸಗಿ ಬಸ್ಸನ್ನು ಹತ್ತದವರಿಗೆ ಟೈಮಿಂಗ್ ಎಂದರೇನೆಂದು ತಿಳಿಹೇಳುವುದು ಕಷ್ಟ. ಹಿಂದಿನ ಬಸ್ಸಿಗೂ ನಮ್ಮ ಬಸ್ಸಿಗೂ ಮಧ್ಯೆ ನಾಲ್ಕು ನಿಮಿಷ. ಒಂದು ನಿಮಿಷ ತಡವಾದರೆ ಅವನು ಬಾಲಕ್ಕೆ ಅಂಟುತ್ತಾನೆ, ಎರಡು ನಿಮಿಷವಾದರೆ ಮುಂದಿನ ಸ್ಟಾಪಿನ ಜನರೆಲ್ಲ ಅವನ ಪಾಲು. ಹಾಗಾಗಿ ಒಳ್ಳೆಯ ಕಂಡಕ್ಟರ್ ಜನ ಹತ್ತಿದ ಮೇಲೆ ವಿಸಿಲ್ ಊದುವುದಿಲ್ಲ. ಕೊನೆಯವನ ಒಂದು ಕಾಲು ಫುಟ್‌ಬೋರ್ಡಿಗೆ ಬಿದ್ದಾಗಲೇ ಊದುತ್ತಾನೆ. ಅದು ಡ್ರೈವರನ ಕಿವಿಗೆ ಬಿದ್ದು, ಅವನ ಕಾಲು ಕ್ಲಚ್ಚಿಗೆ ಹೋಗಿ, ಗೇರು ಕೂತು, ಬಸ್ಸು ಅಲುಗುವಷ್ಟರಲ್ಲಿ ಎರಡನೇ ಕಾಲೂ ಒಳಗೆ. ಯಾವ ಡ್ರೈವರನ ಕಾಲು ಎಷ್ಟು ನಿಧಾನ ಎಂಬ ಅಂದಾಜು ಕಂಡಕ್ಟರನ ರಕ್ತದಲ್ಲೇ ಇರಬೇಕು. ರಮಾನಾಥ ಇದರಲ್ಲಿ ಎತ್ತಿದ ಕೈ. ಅವನ ಬಸ್ಸು ಹದಿನೆಂಟು ವರ್ಷದಲ್ಲಿ ಒಂದು ದಿನವೂ ಹಿಂದೆ ಬೀಳಲಿಲ್ಲ ಎಂದು ಉಡುಪಿ ಸ್ಟ್ಯಾಂಡಿನಲ್ಲಿ ಹೇಳುತ್ತಿದ್ದರು.

ಜಲಜಾಕ್ಷಿ ಅವನ ಕೈಗೆ ಸಿಕ್ಕಿದ್ದೂ ಹೀಗೆಯೇ. ನರ್ಸಿಂಗ್ ಕಲಿಯುತ್ತಿದ್ದ ಹುಡುಗಿ, ಒಂದು ಬೆಳಿಗ್ಗೆ ಫುಟ್‌ಬೋರ್ಡಿನ ಮೇಲೆ ಒಂದೇ ಕಾಲಿಟ್ಟುಕೊಂಡು ಅರ್ಧ ಫರ್ಲಾಂಗು ನೇತಾಡಿದಳು. ಒಳಗೆ ಬಂದು ಅವನನ್ನು ಬೈದ ಬೈಗುಳಕ್ಕೆ ಇಡೀ ಬಸ್ಸು ತಲೆ ತಗ್ಗಿಸಿತು. ಮದುವೆಯಾದ ಮೇಲೂ ಬೈಯುವ ಹಕ್ಕನ್ನು ಅವಳು ಬಿಟ್ಟುಕೊಡಲಿಲ್ಲ.

ಎರಡು ಸಾವಿರದ ಒಂದರಲ್ಲಿ ಇಲ್ಲಿನ ಆಸ್ಪತ್ರೆಗಳಿಗೆ ನರ್ಸುಗಳು ಬೇಕಾದಾಗ ಜಲಜಾಕ್ಷಿ ವುಲ್ವರ್‌ಹ್ಯಾಂಪ್ಟನ್ನಿಗೆ ಬಂದಳು. ಆರು ತಿಂಗಳ ನಂತರ ಒಂಬತ್ತು ವರ್ಷದ ಮಗಳು ಚರಿಷ್ಮಾಳ ಕೈ ಹಿಡಿದುಕೊಂಡು ರಮಾನಾಥ ಬಂದ. ಬಂದವನು ಮೊದಲು ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸಿದ. ಆಮೇಲೆ ಒಂದು ಬೇಕರಿ. ಆಮೇಲೆ ಕಾರ್ ಪಾರ್ಕಿನ ಗಾಜಿನ ಗೂಡಿನಲ್ಲಿ ಕೂತು ಪರದೆ ನೋಡುವ ಸೆಕ್ಯುರಿಟಿ. ಅದನ್ನು ಹನ್ನೊಂದೇ ದಿನ ಸಹಿಸಿದ. ಆ ಎರಡು ವರ್ಷ ಅವನು ಮನೆಗೆ ಬಂದರೆ ಬಾಯಿ ಬಿಡುತ್ತಿರಲಿಲ್ಲ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ನಡೆಯುತ್ತಿದ್ದ. ಮಗಳು ಅಪ್ಪನಿಗೆ ಹೆದರಲು ಶುರು ಮಾಡಿದ್ದಳು. ಹೊಡೆಯುತ್ತಾನೆಂದಲ್ಲ, ಮಾತಾಡುವುದಿಲ್ಲವೆಂದು.

ಬೆಟ್ಟದ ರೈಲು ಸಿಕ್ಕಿದ ಮೇಲೆ ಮನುಷ್ಯ ಬದಲಾದ. ಜನ, ಟಿಕೇಟು, ಬೆಲ್ಲು! ಹೆಗಲಿಗೆ ಚರ್ಮದ ಚೀಲ! ಮುದುಕಿಯರ ಚೀಲ ಎತ್ತಿಕೊಟ್ಟು, ನಾಯಿಗಳ ಹೆಸರು ನೆನಪಿಟ್ಟುಕೊಂಡು, ಎಲ್ಲರನ್ನೂ ‘ಕಮಾನ್ ಕಮಾನ್’ ಎಂದು ಒಳಗೆ ತುಂಬಿ ಕಳಿಸುತ್ತಿದ್ದ. ಹಿಂದೆ ಯಾವ ಬಸ್ಸೂ ಇರಲಿಲ್ಲ, ಮುಂದೆಯೂ ಇರಲಿಲ್ಲ, ವೇಳಾಪಟ್ಟಿ ಎಂಬುದೇ ಇರಲಿಲ್ಲ. ಆದರೂ ಅವನ ಟೈಮಿಂಗ್ ಬಿಡಲಿಲ್ಲ. ಬಲಗೈ ಬಾಗಿಲು ದೂಡುತ್ತಿರುವಾಗಲೇ ಎಡಗೈ ಬೆಲ್ಲಿನ ಗುಂಡಿಗೆ ಹೋಗುತ್ತಿತ್ತು. ಅಪಾಯವೇನೂ ಆಗಲಿಲ್ಲ, ಏಕೆಂದರೆ ಲೆನ್‌ನ ಬಲ ಮೊಣಕಾಲು ಸವೆದುಹೋಗಿತ್ತು. ಬೆಲ್ ಕೇಳಿ, ಸ್ಟೂಲಿನಿಂದ ಮೇಜು ಹಿಡಿದು ಎದ್ದು, ನರಳಿ, ಹಿಡಿಯ ತನಕ ಬರಲಿಕ್ಕೆ ಅವನಿಗೆ ಐದು ಸೆಕೆಂಡು. ಆ ಐದು ಸೆಕೆಂಡನ್ನು ರಮಾನಾಥ ಯಾವತ್ತೂ ಎಣಿಸಿದವನಲ್ಲ. ಅವನ ಎಡಗೈ ಎಣಿಸಿಕೊಂಡಿತ್ತು.

ಇನ್ನು ನಮ್ಮವರ ಕಥೆ. ಕನ್ನಡ ಬಳಗದಲ್ಲಿ ಹೆಚ್ಚಿನವರು ಡಾಕ್ಟರುಗಳು, ಉಳಿದವರು ಡಾಕ್ಟರರ ಗಂಡಂದಿರು, ಹೆಂಡತಿಯರು. ನಿಮ್ಮ ಯಜಮಾನರು ಎಲ್ಲಿ ಎಂದು ಕೇಳಿದವರಿಗೆ ಜಲಜಾಕ್ಷಿ ‘ರೈಲ್ವೇಸ್‌ನಲ್ಲಿ’ ಎನ್ನುತ್ತಿದ್ದಳು. ಸುಳ್ಳಲ್ಲವಲ್ಲ. ಕೇಳಿದವರು ತಾವಾಗಿಯೇ ಅವನನ್ನು ಸಿಗ್ನಲ್ ಎಂಜಿನಿಯರ್ ಮಾಡಿಕೊಂಡರೆ ಅವಳೇನು ಮಾಡಬೇಕು? ಮೂಳೆ ಡಾಕ್ಟರ್ ರಾಜಶೇಖರ ಮಾತ್ರ ನಿಜ ತಿಳಿದವರು, ಜಲಜಾಕ್ಷಿ ಅವರ ವಾರ್ಡಿನ ನರ್ಸು. ದಾವಣಗೆರೆಯ ಕಡೆಯ ಜಾಣ ಮನುಷ್ಯ, ಬಾಯಿ ಬಿಟ್ಟವರಲ್ಲ.

ಎರಡು ಸಾವಿರದ ಆರರ ಡಿಸೆಂಬರಿನಲ್ಲಿ ಲೆನ್‌ಗೆ ಹೊಸ ಮೊಣಕಾಲು ಹಾಕಿದ್ದು ಇದೇ ರಾಜಶೇಖರ. ಅವನನ್ನು ಹಾಸಿಗೆಯಿಂದ ಎಬ್ಬಿಸಿ, ಅಳುವಷ್ಟು ಬೈದು, ಕಾರಿಡಾರಿನಲ್ಲಿ ನಡೆಸಿದ್ದು ಜಲಜಾಕ್ಷಿ. ಮೂರು ತಿಂಗಳು ಲೆನ್ ರಜೆ. ರೈಲು ಚಳಿಗಾಲದ ರಿಪೇರಿಗೆಂದು ಹೇಗೂ ಮುಚ್ಚಿತ್ತು. ಮಾರ್ಚ್ ಮೂರನೇ ವಾರ ರೈಲು ಮತ್ತೆ ತೆರೆದಾಗ ಲೆನ್ ಇಪ್ಪತ್ತು ವರ್ಷ ಚಿಕ್ಕವನಾಗಿ ಬಂದಿದ್ದ. ಸ್ಟೂಲನ್ನು ಮೂಲೆಗೆ ತಳ್ಳಿ ಹಿಡಿಯ ಪಕ್ಕ ನಿಂತೇ ಕೆಲಸ ಮಾಡತೊಡಗಿದ. ಮೇಲೆ ನಡೆದ ಈ ಬದಲಾವಣೆ ಕೆಳಗಿನವನಿಗೆ ಕಾಣುವಂತಿರಲಿಲ್ಲ. ಮೊದಲ ಮೂರು ದಿನ ಮಳೆ ಬಂದು ಜನವೂ ಇರಲಿಲ್ಲ.

ನಾಲ್ಕನೇ ದಿನ ಗುರುವಾರ, ಮೇಲಿನ ಊರಿನಲ್ಲಿ ಸಂತೆ. ಕೆಳಗೆ ಸಾಲು ನಿಂತಿತ್ತು. ಕೊನೆಯವರು ಮಿಸೆಸ್ ಪ್ಯೂ, ಎಪ್ಪತ್ತೆಂಟರ ಮುದುಕಿ, ಗಾಲಿಯ ಚೀಲ ಎಳೆದುಕೊಂಡು ಬಂದವರು. ಅವರ ಒಂದು ಕಾಲು ಡಬ್ಬಿಯೊಳಗೆ, ಇನ್ನೊಂದು ಪ್ಲಾಟ್‌ಫಾರ್ಮಿನ ಅಂಚಿನಲ್ಲಿ. ರಮಾನಾಥ ಬಲಗೈಯಲ್ಲಿ ಅವರ ಚೀಲ ಎತ್ತಿ ಒಳಗೆ ಇಡುತ್ತಿದ್ದ. ಎಡಗೈ ಎರಡು ಬೆಲ್ ಹೊಡೆಯಿತು. ಮೇಲಿಂದ ಕೂಡಲೇ ಒಂದು ಬೆಲ್ ಬಂತು, ಡಬ್ಬಿ ಹೊರಟೇಬಿಟ್ಟಿತು.

ಮುದುಕಿ ಹಿಂದಕ್ಕೆ ವಾಲಿದರು. ರಮಾನಾಥ ಚೀಲ ಬಿಸಾಡಿ ಎರಡು ಕೈಯಲ್ಲೂ ಅವರನ್ನು ತಬ್ಬಿ ಎಳೆದು, ಮೊಣಕೈಯಿಂದ ರೈಲು ನಿಲ್ಲಿಸುವ ಕೆಂಪು ಗುಂಡಿ ಗುದ್ದಿದ. ಡಬ್ಬಿ ನಾಲ್ಕಡಿ ಏರಿ ನಿಂತಿತು. ಇಬ್ಬರೂ ನೆಲಕ್ಕೆ ಬಿದ್ದರು. ಮುದುಕಿಯ ಮಣಿಕಟ್ಟು ಮುರಿಯಿತು. ಹಳಿಯ ಸಂದಿಗೆ ಬಿದ್ದಿದ್ದರೆ ಕಾಲೇ ಹೋಗುತ್ತಿತ್ತು ಎಂದು ಎಲ್ಲರೂ ಹೇಳಿದರು. ಡಬ್ಬಿಯೊಳಗಿದ್ದವರು ಕಂಡದ್ದು ಇಷ್ಟೇ: ರೈಲು ತಾನಾಗಿ ಹೊರಟಿತು, ಈ ಮನುಷ್ಯ ಹಾರಿ ಮುದುಕಿಯನ್ನು ಉಳಿಸಿದ. ಮೆಟ್ಟಿಲಿಳಿದು ಓಡಿಬಂದ ಮ್ಯಾನೇಜರ್ ಮಾರ್ಟಿನ್, ಬೆಲ್ ಹೊಡೆದೆಯಾ ಎಂದು ಕೇಳಿದ. ರಮಾನಾಥ ಏದುಸಿರು ಬಿಡುತ್ತ, ತನ್ನ ಎರಡು ಕೈಯೂ ಅವರನ್ನು ಹಿಡಿದುಕೊಂಡಿದ್ದವು ಎಂದ. ಹೇಳಿದ್ದು ನಿಜವೇ. ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ, ಅಷ್ಟೇ. ಮಾರ್ಟಿನ್ ಅವನ ಭುಜ ತಟ್ಟಿ ಮೇಲೆ ಹೋಗಿ, ಬೆಲ್ ಇಲ್ಲದೆ ರೈಲು ಬಿಟ್ಟದ್ದಕ್ಕೆ ಲೆನ್‌ನನ್ನು ಮನೆಗೆ ಕಳಿಸಿದ. ಸೋಮವಾರ ವಿಚಾರಣೆ, ಅಲ್ಲಿಯ ತನಕ ರೈಲು ಬಂದ್.

ಮನೆಯಲ್ಲಿ ಗಂಡ ಹೆಂಡತಿಯ ಮಾತು ತುಳುವಿನಲ್ಲಿ. ನಾವು ಅದನ್ನು ಅವರ ಊರಿನ ಕನ್ನಡದಲ್ಲೇ ಕೇಳೋಣ. ಅವನು ಸಂಗತಿಯನ್ನು ಎಲ್ಲರಿಗೂ ಹೇಳಿದ ಹಾಗೆಯೇ ಅವಳಿಗೂ ಹೇಳಿದ. ಅವಳು ಸೌಟು ಕೆಳಗಿಟ್ಟು ಅವನ ಮುಖವನ್ನೇ ನೋಡಿದಳು.

“ಬೆಲ್ ನೀವೇ ಹೊಡೆದದ್ದಲ್ವಾ?” ಎಂದು ಕೇಳಿದಳು. “ಅವರು ಕಾಲು ಇಡುವ ಮೊದಲೇ.”

ಅರ್ಧ ಫರ್ಲಾಂಗು ನೇತಾಡಿದವಳ ಹತ್ತಿರ ಸುಳ್ಳು ನಡೆಯುತ್ತದೆಯೇ? ಅವನು ಹೌದೆಂದ. ನಾಳೆಯೇ ಹೋಗಿ ಹೇಳಿಬಿಡುತ್ತೇನೆ ಎಂದ. ಜಲಜಾಕ್ಷಿ ಬೈಯುತ್ತಾಳೆಂದು ಕಾದಿದ್ದ. ಅವಳು ಬೈಯಲಿಲ್ಲ, ಬಾಗಿಲು ಮುಚ್ಚಿ ಮೆಲ್ಲಗೆ ಹೇಳಿದಳು.

“ಹೇಳಬೇಡಿ ಮಾರಾಯ್ರೆ. ಈ ಕೆಲಸ ಹೋದ್ರೆ ನೀವು ಪುನಃ ಆ ಗೋದಾಮಿನ ಹಾಗೆ ಆಗ್ತೀರಿ. ಆ ಎರಡು ವರ್ಷ ನಾನು ಹೇಗೆ ಕಳೆದದ್ದು ಅಂತ ನಿಮಗೆ ಗೊತ್ತುಂಟಾ? ಲೆನ್‌ಗೆ ಹೇಗೂ ಎರಡು ವರ್ಷದಲ್ಲಿ ಪೆನ್ಷನ್. ನನಗೆ ಆ ಮನುಷ್ಯನೂ ಬೇಕು, ಆದ್ರೆ ನೀವು ಹೆಚ್ಚು ಬೇಕು.”

ಅವಳ ಬಾಯಿಂದ ಇಂಥ ಮಾತನ್ನು ಅವನು ಮದುವೆಯಾದ ಹದಿನಾರು ವರ್ಷದಲ್ಲಿ ಕೇಳಿರಲಿಲ್ಲ. ಸಂತೋಷವಾಗಬೇಕಿತ್ತು. ಅವನು ಮತ್ತೆ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ನಡೆಯತೊಡಗಿದ.

ಶುಕ್ರವಾರ ಸ್ಥಳೀಯ ಪತ್ರಿಕೆಯಲ್ಲಿ ಅವನ ಫೋಟೋ ಬಂತು, ಕೆಳಗೆ ‘ಹೀರೋ’ ಎಂದು ಬರೆದಿತ್ತು. ಹದಿನೈದರ ಚರಿಷ್ಮಾ ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದಳು. ಅಪ್ಪ ತುಳುವಿನಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಒಂದೊಂದು ಪದ ಉತ್ತರಿಸುವ ಹುಡುಗಿ, ಅವತ್ತು ಅವನ ಪಕ್ಕ ಕೂತು ಇಡೀ ಕಥೆಯನ್ನು ಎರಡು ಸಲ ಹೇಳಿಸಿಕೊಂಡಳು. ಎರಡನೇ ಸಲ ಹೇಳುವಾಗ ಅವನಿಗೆ ಬೆವರು ಬಂತು. ಎದ್ದು ಹೋಗಿ ಮನೆಯ ಸುತ್ತಲಿನ ರಸ್ತೆಗಳನ್ನು ನಾಲ್ಕು ಸುತ್ತು ಹಾಕಿದ. ಕೆಲಸವಿಲ್ಲದ ಆ ಇಡೀ ದಿನ ಹಾಗೇ ಸುತ್ತಿದ. ಅಂಗಡಿಗೆ ಹೋಗಿ ಏನು ತರಲು ಬಂದೆನೆಂದು ಮರೆತು ಬರಿಗೈಯಲ್ಲಿ ಮರಳಿದ.

ಶನಿವಾರ ಬಳಗದ ಯುಗಾದಿ. ಶಾಲೆಯೊಂದರ ಹಾಲ್ ಬಾಡಿಗೆಗೆ ಹಿಡಿದು, ಬೇವು ಸಿಗದೆ ಕರಿಬೇವಿನ ಎಲೆಯನ್ನೇ ತೋರಣಕ್ಕೆ ಸಿಕ್ಕಿಸಿದ್ದರು. ಅಧ್ಯಕ್ಷೆ ಡಾಕ್ಟರ್ ಚಂದ್ರಪ್ರಭಾ ಮೈಸೂರಿನವರು, ಯಾವುದನ್ನೂ ಅರ್ಧಕ್ಕೆ ಬಿಡುವ ಹೆಂಗಸಲ್ಲ. ಪತ್ರಿಕೆ ಅವರ ಕೈಗೂ ಸಿಕ್ಕಿತ್ತು. ಮಕ್ಕಳ ಕೋಲಾಟ ಮುಗಿದದ್ದೇ ತಡ, ಮೈಕಿನಲ್ಲಿ ರಮಾನಾಥನ ಹೆಸರು ಕೂಗಿದರು. ಹಣ್ಣಿನ ತಟ್ಟೆ, ಮೈಸೂರು ಪೇಟ, ಶಾಲು. ಸಿಗ್ನಲ್ ಎಂಜಿನಿಯರ್ ಅಲ್ಲ, ಟಿಕೇಟು ಹರಿಯುವವನು ಎಂದು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು, ಆದರೂ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದೇ ಅವನಿಗೆ ಹೆಚ್ಚು ಕಷ್ಟವಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಹೆಗಲಿಗೆ ಜರಿಯ ಶಾಲು ಹೊದಿಸಿಬಿಟ್ಟರು. ಎರಡು ಮಾತು ಆಡಿ ಎಂದು ಮೈಕ್ ಕೊಟ್ಟರು. ಅವನು ಮೈಕ್ ಹಿಡಿದುಕೊಂಡು ನಿಂತ. ಮುಂದಿನ ಸಾಲಿನಲ್ಲಿ ಚರಿಷ್ಮಾ ಕ್ಯಾಮೆರಾ ಎತ್ತಿದ್ದಳು. ಎಲ್ಲರಿಗೂ ನಮಸ್ಕಾರ ಎಂದಷ್ಟೇ ಹೇಳಿ ಇಳಿದುಬಿಟ್ಟ. ಎಷ್ಟು ವಿನಯ ನೋಡಿ ಎಂದು ಹಿಂದೆ ಯಾರೋ ಅಂದರು.

ಊಟದ ಸಾಲಿನಲ್ಲಿ ಡಾಕ್ಟರ್ ರಾಜಶೇಖರ ಅವನನ್ನು ಬದಿಗೆ ಕರೆದರು. ಜಲಜಾಕ್ಷಿ ಅವರಿಗೆ ಹೇಳಿದ್ದಳು. ಸೋಮವಾರ ಬೆಲ್ ಹೊಡೆದೆ ಅಂತಲೂ ಅನ್ನಬೇಡಿ, ಹೊಡೆಯಲಿಲ್ಲ ಅಂತಲೂ ಅನ್ನಬೇಡಿ, ನೆನಪಿಲ್ಲ ಅನ್ನಿ, ಗಾಬರಿಯಲ್ಲಿ ಮರೆವು ಸಹಜ, ಬೇಕಾದರೆ ಪುಸ್ತಕದಲ್ಲಿ ತೋರಿಸುತ್ತೇನೆ ಎಂದರು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಆಮೇಲೆ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತ, ತಮ್ಮ ಪೇಶೆಂಟ್ ಲೆನ್ ಹೇಗಿದ್ದಾನೆಂದು ವಿಚಾರಿಸಿದರು. ಅವನ ಕಾಲು ಈಗ ಎಷ್ಟು ಚುರುಕೆಂದರೆ ಮೊನ್ನೆ ಕ್ಲಿನಿಕ್ಕಿನಲ್ಲಿ ಕುರ್ಚಿಯಿಂದ ಪುಟಿದು ಎದ್ದನಂತೆ. ರಮಾನಾಥನಿಗೆ ಆ ಗುರುವಾರದ ಕ್ಷಣ ಪೂರ್ತಿ ಅರ್ಥವಾದದ್ದು ಆಗ, ಕೈಯಲ್ಲಿ ಕಾಗದದ ತಟ್ಟೆ ಹಿಡಿದುಕೊಂಡು. ನಾಲ್ಕು ವರ್ಷದಿಂದ ತಾನು ಆ ಮನುಷ್ಯನ ನೋವನ್ನು ನಂಬಿಕೊಂಡು ಬೆಲ್ ಹೊಡೆಯುತ್ತಿದ್ದೆ. ನೋವು ಹೋಯಿತು, ಮುದುಕಿ ಬಿದ್ದಳು.

ಭಾನುವಾರ ಮಧ್ಯಾಹ್ನ ಯಾರಿಗೂ ಹೇಳದೆ ಬಸ್ ಹತ್ತಿದ. ಲೆನ್‌ನ ಮನೆ ಮೇಲಿನ ಊರಿನಲ್ಲಿ. ರೈಲು ಬಂದ್ ಆಗಿತ್ತಲ್ಲ, ನೂರಾ ಎಂಬತ್ತು ಮೆಟ್ಟಿಲನ್ನು ನಿಲ್ಲದೆ ಹತ್ತಿದ. ಹೆಂಡತಿ ತೀರಿಕೊಂಡ ಮೇಲೆ ಲೆನ್ ಒಬ್ಬನೇ. ಬಾಗಿಲು ತೆರೆದವನು, ಬಾ ರ್ಯಾಮ್ ಎಂದು ಕರೆದು ಟೀ ಇಟ್ಟ. ಮುಂದಿನ ಕೋಣೆಯ ಮೇಜಿನ ಮೇಲೆ ಒಂದು ಕಾಗದ, ಅದರಲ್ಲಿ ಪೆನ್ಸಿಲಿನ ಗೀರುಗಳು. ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸುವ ಟೈಮರ್ ತಿರುಗಿಸಿಟ್ಟು, ಇಲ್ಲಿ ಬಂದು ಕೂತು, ಅದು ಹೊಡೆದದ್ದು ಕೇಳಿಸಿದರೆ ಗೀರು ಹಾಕುತ್ತಿದ್ದೇನೆ ಎಂದು ಲೆನ್ ವಿವರಿಸಿದ. ಹನ್ನೊಂದು ಸಲದಲ್ಲಿ ಹನ್ನೊಂದೂ ಕೇಳಿಸಿತ್ತು. ಆದರೆ ಇದ್ದದ್ದು ಕೇಳಿಸುತ್ತದೋ ಎಂಬುದಲ್ಲ ತೊಂದರೆ, ಇಲ್ಲದ್ದು ಕೇಳಿಸಿತಲ್ಲ, ಅದಕ್ಕೆ ಯಾವ ಪರೀಕ್ಷೆ ಎಂದು ಕೇಳಿದ.

ಆ ಕಾಗದದ ಪಕ್ಕ ಇನ್ನೊಂದು ಕಾಗದ ಮಡಚಿಟ್ಟಿತ್ತು. ರಾಜೀನಾಮೆ.

“ನನಗೆ ಎರಡು ಬೆಲ್ ಕೇಳಿಸ್ತು, ರ್ಯಾಮ್. ದೇವರಾಣೆ ಕೇಳಿಸ್ತು” ಎಂದ ಲೆನ್. “ಆದ್ರೆ ನೀನು ಹೊಡೆದಿಲ್ಲ ಅಂದ್ರೆ ಹೊಡೆದಿಲ್ಲ. ನಾಲ್ಕು ವರ್ಷ ನಿನ್ನ ಬೆಲ್ ನಂಬಿದವ್ನು, ಈಗ ನನ್ನ ಕಿವಿ ನಂಬ್ಲಾ? ಇನ್ನು ನಾನು ಆ ಹಿಡಿ ಮುಟ್ಟಬಾರ್ದು.”

ರಮಾನಾಥ ಆಗಲೇ ಎದ್ದು ನಿಂತಿದ್ದ. ಕಿಟಕಿಯ ತನಕ ಹೋದ, ಬಂದ, ಮತ್ತೆ ಹೋದ. ಕಿಟಕಿಯ ಕಡೆ ಮುಖ ಮಾಡಿಕೊಂಡೇ ಎಲ್ಲವನ್ನೂ ಹೇಳಿದ. ಬೆಲ್ ತಾನೇ ಹೊಡೆದದ್ದು, ಮುದುಕಿಯ ಕಾಲು ಒಳಗೆ ಬರುವ ಮೊದಲೇ ಹೊಡೆದದ್ದು, ಆ ದಿನ ಮಾತ್ರವಲ್ಲ, ಮೊದಲ ವರ್ಷದಿಂದ ಹಾಗೇ. ಬಸ್ಸಿನ ಕಥೆ ಹೇಳಿದ. ಮೊಣಕಾಲಿನ ಕಥೆಯನ್ನೂ ಹೇಳಿದ. ಹೇಳಿ ಮುಗಿದ ಮೇಲೂ ತಿರುಗಿ ನೋಡಲು ಧೈರ್ಯ ಸಾಲಲಿಲ್ಲ.

ಲೆನ್ ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ತನಗೆ ಬುದ್ಧಿ ಕೆಡುತ್ತಿದೆ ಎಂದುಕೊಂಡಿದ್ದೆ, ತನ್ನ ಅಮ್ಮನೂ ಕೊನೆಗಾಲದಲ್ಲಿ ಇಲ್ಲದ ಸದ್ದು ಕೇಳುತ್ತಿದ್ದಳು ಎಂದ. ಮೂರು ದಿನ ಹಾಗೆ ಅಂದುಕೊಂಡು ಕೂತಿದ್ದೆ ಎಂದ. ರಾಜೀನಾಮೆಯನ್ನು ಹರಿದು, ಚೂರುಗಳನ್ನು ಟೀ ಕಪ್ಪಿನೊಳಗೆ ಹಾಕಿದ. ಆಮೇಲೆ ಎದ್ದು ಹೋಗಿ ಬಾಗಿಲು ತೆರೆದು ಹಿಡಿದುಕೊಂಡು ನಿಂತ, ಇವನು ಹೊರಗೆ ಹೋಗಲೆಂದು. ಅವನ ಕಡೆ ತಪ್ಪಿರಲಿಲ್ಲ. ರಮಾನಾಥ ಟೀಯನ್ನು ಮುಟ್ಟದೆ ಹೊರಟ.

ಮನೆಗೆ ಬಂದು ಜಲಜಾಕ್ಷಿಗೆ ಹೇಳಿದ. ಅವಳು ಅತ್ತಳು. ಅತ್ತು ಮುಗಿಸಿ, ಚರಿಷ್ಮಾಳನ್ನು ಕರೆದು, ಅಪ್ಪ ಏನೋ ಹೇಳುವುದಕ್ಕಿದೆ ಕೂತುಕೋ ಎಂದಳು. ಮಗಳು ಎಲ್ಲ ಕೇಳಿ ಫ್ರಿಜ್ಜಿನ ಮೇಲಿನ ಫೋಟೋ ಕಿತ್ತು ಡ್ರಾಯರಿಗೆ ಹಾಕಿದಳು. ಹರಿಯಲಿಲ್ಲ. ಅಷ್ಟು ಸಮಾಧಾನ ಅವನಿಗಿತ್ತು.

ಸೋಮವಾರ ವಿಚಾರಣೆಗೆ ಮಾರ್ಟಿನ್ ಜೊತೆ ಸುರಕ್ಷತೆಯ ಇನ್ಸ್‌ಪೆಕ್ಟರ್ ಬಂದಿದ್ದಳು, ಕನ್ನಡಕದ ನಡುವಯಸ್ಸಿನ ಹೆಂಗಸು. ರಮಾನಾಥ ಕುರ್ಚಿ ಕೊಟ್ಟರೂ ಕೂರದೆ ನಿಂತೇ ಹೇಳಿದ. ಅವಳು ಮಧ್ಯೆ ಒಂದು ಮಾತೂ ಆಡದೆ ಬರೆದುಕೊಂಡಳು. ಆಮೇಲೆ ಹೇಗೆ ಹೊಡೆದೆಯೆಂದು ತೋರಿಸು ಎಂದಳು. ಲೆನ್ ಮೇಲೆ ಗೂಡಿಗೆ ಹೋದ. ಕೆಳಗೆ ಖಾಲಿ ಡಬ್ಬಿ, ರಮಾನಾಥ, ಆ ಹೆಂಗಸು, ಮಾರ್ಟಿನ್.

ತೋರಿಸುವುದೇನು ಕಷ್ಟ? ಬಲಗೈ ಬಾಗಿಲು ದೂಡಿತು, ಎಡಗೈ ಎರಡು ಬೆಲ್ ಹೊಡೆಯಿತು, ಚಿಲಕ ಆಮೇಲೆ ಬಿತ್ತು. ಸರಿ, ಈಗ ನಿಯಮದ ಪ್ರಕಾರ ಮಾಡಿ ತೋರಿಸು ಎಂದಳು. ಅವನು ಬಾಗಿಲು ದೂಡಿದ. ಬೆಲ್ ಹೊಡೆಯಿತು. ಚಿಲಕ ಬಿತ್ತು. ಮಾರ್ಟಿನ್ ಕೆಮ್ಮಿದ. ಮತ್ತೊಮ್ಮೆ ಎಂದಳು ಅವಳು, ನಿಧಾನವಾಗಿ, ಅವಸರವೇನೂ ಇಲ್ಲ. ರಮಾನಾಥ ಎಡಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿದ. ಚಿಲಕವನ್ನೇ ನೋಡುತ್ತ, ಮನಸ್ಸಿನಲ್ಲಿ ಎಣಿಸುತ್ತ ಬಾಗಿಲು ದೂಡಿದ. ಜೇಬಿನಿಂದ ಕೈ ಯಾವಾಗ ಬಂತೆಂದು ಅವನಿಗೆ ತಿಳಿಯಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಇದು ಹುಟ್ಟುಗುಣವೂ ಅಲ್ಲ, ಕಲಿತದ್ದು, ಇನ್ನೂ ಗಟ್ಟಿ. ಎರಡು ಬೆಲ್ ಹೊಡೆದ ಮೇಲೆಯೇ ಚಿಲಕದ ಸದ್ದು ಕೇಳಿದ್ದು.

ಆದರೆ ಡಬ್ಬಿ ಮೂರು ಸಲವೂ ಕೂಡಲೇ ಅಲುಗಲಿಲ್ಲ. ಬೆಲ್ ಆದ ಮೇಲೆ ಮೇಲಿನವನು ಕಾದ. ಒಂದು, ಎರಡು, ಮೂರು, ನಾಲ್ಕು, ಐದು. ಆಮೇಲೆ ಒಂದು ಬೆಲ್ಲಿನ ಉತ್ತರ ಬಂತು, ಡಬ್ಬಿ ಒಂದಡಿ ಏರಿ ಇಳಿಯಿತು. ಹೊಸ ಮೊಣಕಾಲಿನ ಲೆನ್ ಬೇಕೆಂದೇ ಕಾಯುತ್ತಿದ್ದ.

ಇನ್ಸ್‌ಪೆಕ್ಟರಿಗೂ ಅದು ಗೊತ್ತಾಯಿತು. ಮಾರ್ಟಿನ್ ಜೊತೆ ಬದಿಗೆ ಹೋಗಿ ಮಾತಾಡಿ ಬಂದಳು. ತಾನಾಗಿ ಬಂದು ಒಪ್ಪಿಕೊಂಡಿದ್ದೀಯ, ಮುದುಕಿಯನ್ನು ಉಳಿಸಿದ್ದೂ ನಿಜ, ಮೇಲೆ ಎಚ್ಚರದ ಡ್ರೈವರ್ ಇದ್ದಾನೆ. ಒಂದು ಲಿಖಿತ ಎಚ್ಚರಿಕೆ, ಎರಡು ವಾರ ಹೊಸದಾಗಿ ತರಬೇತಿ, ಆಮೇಲೆ ಇದೇ ಕೆಲಸಕ್ಕೆ ಬರಬಹುದು ಎಂದಳು. ಮಾರ್ಟಿನ್ ನಗುತ್ತ ತಲೆಯಾಡಿಸಿದ. ರಮಾನಾಥನಿಗೆ ಬೇಕಾದದ್ದೆಲ್ಲ ಬಾಯಿಗೇ ಬಂದು ಬಿದ್ದಿತ್ತು. ಮನೆಯಲ್ಲಿ ಹೆಂಡತಿ ಫೋನಿನ ಪಕ್ಕದಿಂದ ಏಳದೆ ಕೂತಿರುತ್ತಾಳೆಂದು ಅವನಿಗೆ ಗೊತ್ತಿತ್ತು. ಅವನು ತನ್ನ ಎಡಗೈಯನ್ನು ನೋಡಿಕೊಂಡ.

“ಲೆನ್ ಎರಡು ವರ್ಷದಲ್ಲಿ ಹೋಗ್ತಾನೆ ಮೇಡಂ” ಎಂದ. “ಅವನ ಜಾಗಕ್ಕೆ ಬರುವವನಿಗೆ, ಈ ಮನುಷ್ಯ ಬೆಲ್ ಹೊಡೆದರೆ ಐದರ ತನಕ ಎಣಿಸಿ ಹೊರಡು ಅಂತ ಯಾರು ಹೇಳ್ತಾರೆ? ನನ್ನನ್ನು ಈ ಬೆಲ್ಲಿನ ಹತ್ತಿರ ಬಿಡಬೇಡಿ.”

ಹೆಗಲಿನ ಚೀಲ ತೆಗೆದು ಮಾರ್ಟಿನ್‌ನ ಕೈಗೆ ಕೊಟ್ಟ. ತಗಡಿನ ಮಾಡಿನ ಅಡಿಯಲ್ಲಿ ನಡೆದದ್ದು ಮೇಲಿನವನಿಗೆ ಕಾಣುವಂತಿರಲಿಲ್ಲ; ಲೆನ್ ಹಿಡಿಯ ಮೇಲೆ ಕೈಯಿಟ್ಟುಕೊಂಡು ಮುಂದಿನ ಎರಡು ಬೆಲ್ಲಿಗಾಗಿ ಕಾಯುತ್ತ ನಿಂತಿದ್ದ.